ಎಲೆಮೂಗಿನ ಬಾವಲಿ: ಆ ಮೂಗು ಯಾಕೆ ಹಾಗಿದೆ?

ಶಿರಸಿ ಕಡೆ ತೋಟ ಇರುವವರಿಗೆ ಬಾವಲಿ ಅಂದರೆ ಹಣ್ಣಡಿಕೆ ಸಿಪ್ಪೆ ಚೀಪಿ ಮರದ ಬುಡದಲ್ಲಿ ಬೀಳಿಸಿ ಹೋಗುವ ಪ್ರಾಣಿ, ಅಲ್ವಾ? ಎಲೆಮೂಗಿನ ಬಾವಲಿ ಬೇರೆ. ಇದು ಹಣ್ಣಿನ ತಂಟೆಗೆ ಬರೋದಿಲ್ಲ, ಹುಳ ಹಿಡಿದು ತಿನ್ನುತ್ತದೆ. ಹಗಲಿಡೀ ಗುಹೆ, ಬಂಡೆ ಸಂದಿ, ಪಾಳುಬಿದ್ದ ಕಟ್ಟಡಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಯಾಣದ ಬಂಡೆಗಳ ಒಳಗೆ ಹೋದಾಗ ಬಾವಲಿ ಕಂಡರೆ ದಯವಿಟ್ಟು ಮುಖಕ್ಕೆ ಟಾರ್ಚ್ ಬಿಡಬೇಡಿ. ಎಲೆಮೂಗಿನವು ಒಂದು ಹೆರಿಗೆಗೆ ಒಂದೇ ಮರಿ ಹಾಕುತ್ತವೆ, ಮಲಗುವ ಜಾಗ ಕೆಟ್ಟರೆ ಅವಕ್ಕೆ ಕಷ್ಟ ಜಾಸ್ತಿ.

ಇನ್ನು ಆ ಮೂಗು. ಹತ್ತಿರದಿಂದ ತೆಗೆದ ಫೋಟೋ ಸಿಕ್ಕಿದರೆ ನೋಡಿ: ಹೊಳ್ಳೆಗಳ ಸುತ್ತ ಕುದುರೆ ಲಾಳದ ಆಕಾರದ ಚರ್ಮದ ಮಡಿಕೆ, ಅದರ ಮೇಲೆ ಅಡ್ಡಕ್ಕೆ ಎದ್ದು ನಿಂತ ಇನ್ನೊಂದು ಮಡಿಕೆ, ಭಾರತದಲ್ಲಿರುವ ಹಿಪೊಸಿಡೆರೋಸ್ ಸ್ಪಿಯೋರಿಸ್ ಅನ್ನುವ ಜಾತಿಯಲ್ಲಾದರೆ ಲಾಳದ ಎರಡೂ ಪಕ್ಕ ಮೂರು ಮೂರು ಪುಟ್ಟ ಪದರ. ವಿಕಾರ ಅಂತಾರೆ ಕೆಲವರು. ನನಗೆ ಇದು ತುಂಬಾ ಚಂದದ ಮುಖ.

ಈ ಬಾವಲಿ ಕೂಗೋದು ಮೂಗಿನಿಂದ. ಬಾಯಿ ಮುಚ್ಚಿಕೊಂಡೇ ಹೊಳ್ಳೆಯಿಂದ ಶಬ್ದ ಬಿಡುತ್ತದೆ, ಟಾರ್ಚಿನ ಬಲ್ಬಿನ ಹಿಂದಿನ ಬಟ್ಟಲು ಬೆಳಕನ್ನು ಮುಂದಕ್ಕೆ ತಳ್ಳುವ ಹಾಗೆ ಮೂಗಿನ ಈ ಎಲೆ ಆ ಶಬ್ದವನ್ನು ಒಂದು ದಿಕ್ಕಿಗೆ ಹಿಡಿದು ಕಳಿಸುತ್ತದೆ. ಎದುರಿಗೆ ಸಿಕ್ಕಿದ್ದಕ್ಕೆ ತಾಗಿ ಶಬ್ದ ವಾಪಸ್ ಬರುತ್ತದೆ. ಎಷ್ಟು ಬೇಗ ಬಂತು ಅನ್ನೋದರ ಮೇಲೆ ದೂರ ಗೊತ್ತಾಗುತ್ತದೆ. ಇದೇ ಎಖೋಲೊಕೇಶನ್. 1944ರಲ್ಲಿ ಈ ಹೆಸರು ಕೊಟ್ಟವರು ಅಮೆರಿಕದ ಪ್ರಾಣಿವಿಜ್ಞಾನಿ ಡೊನಾಲ್ಡ್ ಗ್ರಿಫಿನ್.

ನಮ್ಮ ಕಿವಿಗೆ ಕೇಳೋದು ಹೆಚ್ಚೆಂದರೆ 20 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 20 ಸಾವಿರ ಕಂಪನ. ಸ್ಪಿಯೋರಿಸ್ ಕೂಗು ಸುಮಾರು 130 ದಾಟುತ್ತದೆ. ಅಲ್ಲಿ ಶಬ್ದದ ಒಂದು ಅಲೆಯ ಉದ್ದ ಎರಡೂವರೆ ಮಿಲಿಮೀಟರ್ ಆಸುಪಾಸು, ಹಾಗಾಗಿ ಸಣ್ಣ ಹುಳವೂ ತಪ್ಪಿಸಿಕೊಳ್ಳೋದು ಕಷ್ಟ. ಇನ್ನೂ ಸೊಗಸಾದ ವಿಷಯ ಏನೆಂದರೆ, ಕೂಗಿನ ಹೆಚ್ಚಿನ ಭಾಗ ಒಂದೇ ಸ್ವರದಲ್ಲಿ ಎಳೆದಿರುತ್ತದೆ, ಕೊನೆಗೆ ಮಾತ್ರ ಥಟ್ಟನೆ ಕೆಳಕ್ಕಿಳಿಯುತ್ತದೆ. ಪತಂಗ ರೆಕ್ಕೆ ಬಡಿದರೆ ಆ ಒಂದೇ ಸ್ವರದ ಪ್ರತಿಧ್ವನಿ ಅದುರುತ್ತದೆ. ಗಿಡದ ಎಲೆಗೆ ತಾಗಿ ಬಂದ ಪ್ರತಿಧ್ವನಿಯಲ್ಲಿ ಆ ಅದುರಾಟ ಇರೋದಿಲ್ಲ. ದಟ್ಟ ಸೊಪ್ಪಿನ ನಡುವೆಯೂ ಊಟ ಎಲ್ಲಿದೆ ಅಂತ ಬಾವಲಿಗೆ ಗೊತ್ತಾಗೋದು ಹೀಗೆ.

 

ಇಷ್ಟು ಎತ್ತರದ ಸ್ವರ ಗಾಳಿಯಲ್ಲಿ ಬೇಗ ಸವೆದುಹೋಗುತ್ತದೆ, ಕೆಲವೇ ಮೀಟರ್ ಆಚೆಗಿನ ಹುಳ ಇವಕ್ಕೆ ತಿಳಿಯೋದಿಲ್ಲ. ಅದಕ್ಕೇ ಇವು ಬಯಲಿನ ಎತ್ತರದಲ್ಲಿ ಜಾಸ್ತಿ ಬೇಟೆಯಾಡದೆ, ಪೊದೆ ಮರಗಳಿಗೆ ತಾಗಿದಂತೆ ನಿಧಾನಕ್ಕೆ ಹಾರುತ್ತವೆ.