ಬಾಡಿಗೆದಾರನ ನಾಯಿ ಕಚ್ಚಿದರೆ ಮನೆ ಓನರ್‌ಗೇನು?

ಮನೆ ಬಾಡಿಗೆಗೆ ಕೊಟ್ಟಾಗಿದೆ. ನಾಯಿ ಅವರದ್ದು. ಅದು ಯಾರನ್ನೋ ಕಚ್ಚಿದರೆ ಓನರ್ ಯಾಕೆ ದುಡ್ಡು ಕಟ್ಟಬೇಕು? ಅಮೆರಿಕದಲ್ಲಿ ಮನೆ ಕೊಂಡು ಬಾಡಿಗೆಗೆ ಬಿಟ್ಟಿರುವ ಕನ್ನಡಿಗರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಇಂಗ್ಲೆಂಡಿನಿಂದ ಬಂದ ಹಳೆಯ ಕಾನೂನು ಓನರ್ ಪರವಾಗಿಯೇ ಇತ್ತು. ಕರಾರಿನ ಅವಧಿ ಮುಗಿಯೋವರೆಗೂ ಮನೆ ಬಾಡಿಗೆದಾರನದೇ, ಒಳಗೆ ಏನಾದರೂ ಅವನ ತಲೆಬೇನೆ. ನಾಯಿ ಸಾಕಿದವನನ್ನೂ ಸುಲಭಕ್ಕೆ ಹಿಡಿಯಲಾಗುತ್ತಿರಲಿಲ್ಲ. ನಾಯಿ ಕಚ್ಚುವಂಥದ್ದು ಅಂತ ಅವನಿಗೆ ಮೊದಲೇ ಗೊತ್ತಿತ್ತು ಎಂದು ತೋರಿಸಬೇಕಿತ್ತು. ಮೊದಲ ಕಡಿತ ಫ್ರೀ ಎಂಬ ಮಾತು ಹುಟ್ಟಿದ್ದೇ ಹಾಗೆ.

ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು 1975ರಲ್ಲಿ ಇದನ್ನು ಸಡಿಲಿಸಿತು. ಬಾಡಿಗೆ ಮನೆಗೆ ಬಂದಿದ್ದ ಪುಟ್ಟ ಹುಡುಗಿಯ ಮೇಲೆ ಅಲ್ಲಿನ ನಾಯಿ ಬಿದ್ದ ಕೇಸು ಅದು. ಕೋರ್ಟು ಕೇಳಿದ್ದು ಎರಡೇ: ನಾಯಿ ಅಪಾಯಕಾರಿ ಅಂತ ಓನರ್‌ಗೆ ನಿಜಕ್ಕೂ ಗೊತ್ತಿತ್ತಾ? ಮನೆ ಖಾಲಿ ಮಾಡಿಸಿ ಅದನ್ನು ಕಳಿಸುವ ಹಕ್ಕು ಇತ್ತಾ? ಎರಡಕ್ಕೂ ಹೌದು ಎಂದರೆ ಓನರ್‌ಗೂ ಜವಾಬ್ದಾರಿ ಇದೆ.

ಆದರೆ ಈ ಎರಡು ಪ್ರಶ್ನೆಗಳ ನಿಜವಾದ ಬಿಸಿ ಗೊತ್ತಾಗಿದ್ದು ಮೇರಿಲ್ಯಾಂಡ್ ರಾಜ್ಯದಲ್ಲಿ. 1994ರಲ್ಲಿ ಅಲ್ಲಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ತಾಯಿ ಜೊತೆ ಬಂದಿದ್ದ 16 ತಿಂಗಳ ಮಗು ಪಿಟ್ ಬುಲ್ ಎಂಬ ಬಲಿಷ್ಠ ತಳಿಯ ನಾಯಿಯ ದಾಳಿಗೆ ಸತ್ತುಹೋಯಿತು. ಕರಾರಿನಲ್ಲಿ 'ಸಾಕುಪ್ರಾಣಿ ಇಡಬಾರದು' ಅಂತ ಬರೆದೇ ಇತ್ತು. ಆದರೂ ನಾಯಿ ಇತ್ತು. ರಿಪೇರಿಗೆ ಬರುವ ಕೆಲಸದವರೇ ಅದಕ್ಕೆ ಹೆದರಿ, ಮ್ಯಾನೇಜ್‌ಮೆಂಟ್‌ಗೆ ಹೇಳಿದ್ದರು. ಯಾರೂ ಏನೂ ಮಾಡಲಿಲ್ಲ. 1998ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು ಮನೆ ಬಾಡಿಗೆಗೆ ಕೊಟ್ಟವರನ್ನು ಹೊಣೆ ಮಾಡಿತು. ತಮ್ಮ ರಕ್ಷಣೆಗೆ ಅಂತ ಬರೆಸಿಕೊಂಡ ಆ ಒಂದು ಸಾಲೇ ಅವರ ಕೊರಳಿಗೆ ಬಂತು. ಕರಾರು ಮುರಿದವರನ್ನು ಹೊರಗೆ ಕಳಿಸುವ ಅಧಿಕಾರ ಕೈಲಿತ್ತು, ಬಳಸಲಿಲ್ಲ. ನನಗಂತೂ ಇದು ನ್ಯಾಯವಾಗಿಯೇ ಕಾಣುತ್ತೆ.

ಮುಂದಿನ ತೀರ್ಪಿನ ಬಗ್ಗೆ ಹಾಗೆ ಹೇಳಲಾರೆ. 2007ರಲ್ಲಿ ಅದೇ ರಾಜ್ಯದ ಟೌಸನ್ ಊರಿನಲ್ಲಿ ಒಂದು ಪಿಟ್ ಬುಲ್ ತನ್ನ ಪುಟ್ಟ ಆವರಣದಿಂದ ಒಂದೇ ದಿನ ಎರಡು ಸಲ ತಪ್ಪಿಸಿಕೊಂಡು 10 ವರ್ಷದ ಹುಡುಗನನ್ನು ಕೆಟ್ಟದಾಗಿ ಕಚ್ಚಿತು. 2012ರ ಏಪ್ರಿಲ್‌ನಲ್ಲಿ ಅದೇ ಕೋರ್ಟು 4-3 ಬಹುಮತದಲ್ಲಿ, ಪಿಟ್ ಬುಲ್ ಎಂದರೆ ಸಾಕು, ಹಳೆಯ ಕಡಿತದ ಸಾಕ್ಷಿ ಬೇಕಿಲ್ಲ ಎಂದಿತು. ನಾಯಿ ಆ ತಳಿಯದ್ದು ಅಂತ ಗೊತ್ತಿದ್ದು, ಅದನ್ನು ತಡೆಯುವ ಹಕ್ಕಿದ್ದ ಓನರ್ ಕೂಡ ಸಿಕ್ಕಿಬಿದ್ದ. ಆಮೇಲೆ ಆಗಿದ್ದು ಊಹಿಸುವಂಥದ್ದೇ. 'ನಾಯಿ ಬಿಡಿ, ಇಲ್ಲ ಮನೆ ಬಿಡಿ' ಅಂತ ನೋಟಿಸು ಬರತೊಡಗಿತು. ಸುಮ್ನೆ ಸೋಫಾ ಕೆಳಗೆ ಮಲಗಿರುತ್ತಿದ್ದ ನಾಯಿಯೂ ಅದರಲ್ಲಿ ಸೇರಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಕೋರ್ಟು ಈ ನಿಯಮದಿಂದ ಮಿಶ್ರತಳಿಗಳನ್ನು ಕೈಬಿಟ್ಟಿತು. ಶಾಸಕರು ಎರಡು ವರ್ಷ ಜಗ್ಗಾಡಿ 2014ರಲ್ಲಿ ಕಾನೂನು ತಂದರು. ತಳಿಯ ಲೆಕ್ಕ ಹೋಯಿತು. ಯಾವ ನಾಯಿ ಕಚ್ಚಿದರೂ, ಅಪಾಯ ಸಾಕಿದವನಿಗೆ ಗೊತ್ತಿತ್ತು ಅಂತಲೇ ಶುರು, ಇಲ್ಲ ಅಂತ ಅವನೇ ತೋರಿಸಬೇಕು. ಮನೆ ಓನರ್‌ಗೆ ಮಾತ್ರ 2012ಕ್ಕೆ ಮುಂಚಿನ ನಿಯಮವೇ ವಾಪಸ್. ಅಂದರೆ ವಕೀಲರು ಈಗ ಮತ್ತೆ ಹುಡುಕಿಕೊಂಡು ಹೋಗುವುದು ನಲ್ಲಿ ರಿಪೇರಿಗೆ ಬಂದಿದ್ದವನನ್ನೇ: ಬಾಗಿಲ ಹಿಂದೆ ಏನು ನೋಡಿದೆ, ಆಫೀಸಿಗೆ ಏನು ಹೇಳಿದೆ?