ಟೊಮೆಟೊ ಬಿಡುವಿಲ್ಲದೆ ಸಿಗಬೇಕೆಂದರೆ ಬೀಜ ಯಾವಾಗ ಹಾಕಬೇಕು?

ಪ್ರಶ್ನೆ: ನಮ್ಮದು ಸೆಕೆ ಜಾಸ್ತಿ ಇರುವ ಜಾಗ. ಹದಿನೈದು ದಿನಕ್ಕೊಮ್ಮೆ ಟೊಮೆಟೊ ಬೀಜ ಹಾಕುತ್ತೇನೆ. ಆದರೂ ಹಣ್ಣೆಲ್ಲ ಒಟ್ಟಿಗೇ ಬರುತ್ತೆ, ಆಮೇಲೆ ಎರಡು ತಿಂಗಳು ಒಂದೂ ಇರಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬೀಜದಿಂದ ಲೆಕ್ಕ ಶುರು ಮಾಡಿದ್ದೀರಿ. ಟೊಮೆಟೊಗೆ ಹೂವಿನಿಂದ ಹಿಂದಕ್ಕೆ ಎಣಿಸಬೇಕು.

ಬಿರುಬಿಸಿಲಿನ ದಿನಗಳಲ್ಲಿ ಒಂದು ಹೂಗೊಂಚಲನ್ನು ಹತ್ತಿರದಿಂದ ನೋಡಿ. ಹೂವಿನ ತೊಟ್ಟಿನ ನಡುವೆ ಪುಟ್ಟದೊಂದು ಗಂಟು ಕಾಣುತ್ತದೆ. ಕಾಯಿ ಕಟ್ಟದ ಹೂವಾದರೆ ಆ ಗಂಟಿನಿಂದಾಚೆಗೆ ತೊಟ್ಟು ಹಳದಿಯಾಗಿರುತ್ತದೆ. ಬೆರಳು ತಾಗಿದರೆ ಸಾಕು, ಅಲ್ಲಿಗೇ ಕಳಚಿ ಬೀಳುತ್ತದೆ. ಗಿಡ ಹಸಿರಾಗಿ ಚೆನ್ನಾಗಿಯೇ ಇರುತ್ತದೆ, ಅದಕ್ಕೇ ನಾವು ಗೊಬ್ಬರ ಸಾಲದೇನೋ ಅಂದುಕೊಳ್ಳುತ್ತೇವೆ. ಕಾರಣ ಬಿಸಿ. ಹಗಲು 32ರಿಂದ 35 ಡಿಗ್ರಿ ದಾಟಿ, ರಾತ್ರಿಯೂ ಸುಮಾರು 24ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಡುತ್ತದೆ. ಅದೂ ಹೂ ಅರಳಿದ ದಿನವಲ್ಲ, ವಾರಕ್ಕೂ ಮೊದಲೇ, ಮೊಗ್ಗಿನೊಳಗೆ. ಹಾಗಾಗಿ ಒಂದು ಸಂಜೆ ತಂಪಾಯಿತು ಅಂತ ಮರುದಿನವೇ ಕಾಯಿ ಕಟ್ಟುವುದಿಲ್ಲ.

ನೀವು ಎಷ್ಟೇ ಸಲ ಬಿತ್ತಿದರೂ, ಸೆಕೆ ಬಂದಾಗ ಎಲ್ಲ ಗಿಡಗಳ ಹೂವೂ ಒಟ್ಟಿಗೇ ಉದುರುತ್ತದೆ. ಆ ಎರಡು ತಿಂಗಳ ಖಾಲಿ ಅಲ್ಲಿಂದ ಬಂದದ್ದು.

ಈಗ ಹಿಂದಕ್ಕೆ ಎಣಿಸೋಣ. ಬೀಜದಿಂದ ನಾಟಿಗೆ ಹೆಚ್ಚುಕಡಿಮೆ 4 ವಾರ. ನಾಟಿಯಿಂದ ಮೊದಲ ಹೂವಿಗೆ ಇನ್ನೊಂದು 4 ವಾರ. ಹೂವಿನಿಂದ ಹಣ್ಣಿಗೆ 6–7 ವಾರ. ಒಮ್ಮೆ ಕಾಯಿ ಕಟ್ಟಿದ ಮೇಲೆ ಅದು ಸೆಕೆಯನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಹಾಗಾಗಿ ರಾತ್ರಿಗಳು ಬಿಸಿಯಾಗಲು ಶುರುವಾಗುವುದಕ್ಕೆ ಕನಿಷ್ಠ 10 ವಾರ ಮೊದಲೇ ಕೊನೆಯ ಬೀಜ ಬಿದ್ದಿರಬೇಕು. ಆಗ ಒಂದೆರಡು ಗೊಂಚಲಾದರೂ ಕಾಯಿ ಹಿಡಿದಿರುತ್ತದೆ.

ಸೆಕೆ ಮುಗಿದ ಮೇಲಿನ ಬೆಳೆಗೆ ಲೆಕ್ಕ ಉಲ್ಟಾ. ರಾತ್ರಿ ತಂಪಾಗುವ ಹೊತ್ತಿಗೆ ಹೂ ಬಿಡಬೇಕೆಂದರೆ ಬೀಜವನ್ನು 7–8 ವಾರ ಮೊದಲು, ಅಂದರೆ ನಡು ಸೆಕೆಯಲ್ಲೇ ಹಾಕಬೇಕು. ಹೆಚ್ಚಿನವರು ತಂಪಾಗಲಿ ಅಂತ ಕಾದು ಎರಡು ತಿಂಗಳು ಕಳೆದುಕೊಳ್ಳುತ್ತಾರೆ. ಸಸಿ ಮಡಿಗೆ ನೆರಳು ಪರದೆ ಕಟ್ಟಿ, ಮಣ್ಣು ಆರಲು ಬಿಡಬೇಡಿ, ಅಷ್ಟೇ.

ಇನ್ನು ಹದಿನೈದು ದಿನದ ಅಂತರ. ಇದು ತೀರಾ ಹತ್ತಿರ. ಬೆಚ್ಚಗಿನ ವಾರಗಳಲ್ಲಿ ತಡವಾಗಿ ಹಾಕಿದ ಸಸಿ ಓಡಿ ಬಂದು ಮೊದಲು ಹಾಕಿದ್ದನ್ನು ಹಿಡಿದುಬಿಡುತ್ತದೆ. ಕ್ಯಾಲೆಂಡರ್ ಬಿಟ್ಟು ಗಿಡವನ್ನೇ ನೋಡಿ: ಒಂದು ತಂಡದ ಸಸಿ ನಾಟಿಯಾದ ದಿನ ಮುಂದಿನ ಬೀಜ ಹಾಕಿ. ಕುಳ್ಳಗೆ ಪೊದೆಯಾಗಿ ಬೆಳೆಯುವ ತಳಿಗಳು ಕೆಲವೇ ವಾರಗಳಲ್ಲಿ ಹಣ್ಣು ಕೊಟ್ಟು ಮುಗಿಸುತ್ತವೆ, ಅವುಗಳಿಗೆ ಈ ಕ್ರಮ ಸರಿ. ಕೋಲು ಕಟ್ಟಿ ಹಬ್ಬಿಸುವ ತಳಿ ತಿಂಗಳುಗಟ್ಟಲೆ ಬಿಡುತ್ತಲೇ ಇರುವುದರಿಂದ ಇಡೀ ಹಂಗಾಮಿಗೆ ಎರಡು ತಂಡ ಸಾಕು. ಸೆಕೆಯ ನಡುವೆಯೂ ಒಂದಿಷ್ಟು ಬೇಕೆಂದರೆ ನನ್ನ ಆಯ್ಕೆ ಚೆರ್ರಿ ಟೊಮೆಟೊ. ದೊಡ್ಡ ಹಣ್ಣಿನ ತಳಿಗಳು ಕೈಬಿಟ್ಟಾಗಲೂ ಅದು ಅಷ್ಟೋ ಇಷ್ಟೋ ಕಾಯಿ ಕಟ್ಟುತ್ತದೆ.

ಒಂದು ಅಡ್ಡದಾರಿಯೂ ಇದೆ. ಎಲೆಗೂ ಕಾಂಡಕ್ಕೂ ನಡುವಿನ ಸಂದಿಯಲ್ಲಿ ಬರುವ ಚಿಗುರನ್ನು ಗೇಣುದ್ದ ಬೆಳೆದ ಮೇಲೆ ಮುರಿದು, ನೆರಳಲ್ಲಿ ಒದ್ದೆ ಮಣ್ಣಿಗೆ ಚುಚ್ಚಿದರೆ ಹತ್ತು ದಿನದಲ್ಲಿ ಬೇರು ಬರುತ್ತದೆ. ಸಸಿ ಬೆಳೆಸುವ ಸಮಯ ಉಳಿಯುತ್ತದೆ. ಆದರೆ ತಾಯಿ ಗಿಡ ಆರೋಗ್ಯವಾಗಿರಬೇಕು. ನಾನು ಒಮ್ಮೆ ಆಸೆಗೆ ಬಿದ್ದು, ತುದಿ ಎಲೆ ಸ್ವಲ್ಪ ಮುದುಡಿದ್ದ ಗಿಡದಿಂದಲೇ ಎಂಟು ಚಿಗುರು ತೆಗೆದೆ. ಬಿಸಿಲಿಗೆ ಹೀಗಾಗಿದೆ ಅಂದುಕೊಂಡಿದ್ದೆ. ಎಂಟಕ್ಕೆ ಎಂಟೂ ಎಲೆ ಮುಟುರು ರೋಗ ಹೊತ್ತುಕೊಂಡೇ ಬೆಳೆದವು! ಬಿಳಿ ನೊಣ ಹರಡುವ ಈ ನಂಜು ಹಳೆ ಗಿಡದಿಂದ ಹೊಸದಕ್ಕೆ ದಾಟುತ್ತದೆ. ಅದಕ್ಕೇ ಹೊಸ ತಂಡವನ್ನು ಹಳೆಯದರ ಪಕ್ಕದಲ್ಲೇ ನೆಡಬೇಡಿ, ಮುಗಿದ ಗಿಡವನ್ನು ಸುಮ್ನೆ ನಿಲ್ಲಿಸಿಕೊಳ್ಳಬೇಡಿ.

ಕೊನೆಯ ಕೊಯ್ಲು ಸೆಕೆಗೆ ಸಿಕ್ಕಿಬಿದ್ದರೆ ಹಣ್ಣು ಗಿಡದಲ್ಲೇ ಕೆಂಪಾಗಲಿ ಅಂತ ಕಾಯಬೇಡಿ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಕೂಡುವುದಿಲ್ಲ, ಕಿತ್ತಳೆಯಲ್ಲೇ ನಿಲ್ಲುತ್ತದೆ. ಹಣ್ಣಿನ ಕೆಳತುದಿಯಲ್ಲಿ ಸ್ವಲ್ಪ ಬಣ್ಣ ತಿರುಗಿದ ಕೂಡಲೇ ಕಿತ್ತು, ಮನೆಯೊಳಗೆ ತಂಪಾದ ಮೂಲೆಯಲ್ಲಿ ಹರಡಿ. ಫ್ರಿಜ್ ಬೇಡ.