ಕಕ್ಕಡದ ಜ್ವರ, ಸಂಕ್ರಮಣದ ಕೂದಲು

ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಗೆ ಹೋದರೆ ಕೊಡಗಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಹೋಗದಿದ್ದರೇನೇ ‘ಸರಿಯಾಗಿ ತಿಂದಿಲ್ವಾ?’ ಅಂತ ಕೇಳುತ್ತಾರೆ. ಅದೇ ಮನೆಯಲ್ಲಿ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬರಲಿ, ಆಗ ನೋಡಿ. ಶಾಂಪೂ ಬದಲಾಗುತ್ತದೆ. ಬೋರ್‌ವೆಲ್ ನೀರಿಗೆ ಬೈಗುಳ ಬೀಳುತ್ತದೆ. ಯಾರೋ ನೆಂಟರು ಹೇಳಿದ ಎಣ್ಣೆ ಮನೆಗೆ ಬರುತ್ತದೆ. ಜುಲೈ ಕೊನೆಯಲ್ಲಿ ವಾರಗಟ್ಟಲೆ ಮಲಗಿಸಿದ್ದ ಜ್ವರ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಆದರೆ ಕಾರಣ ಹೆಚ್ಚಾಗಿ ಆ ಜ್ವರವೇ. ಕೂದಲು ಆರೋಗ್ಯದ ಬಗ್ಗೆ ಸುದ್ದಿ ಹೇಳುತ್ತದೆ, ನಿಜ. ಆದರೆ ಅದು ಹೇಳುವುದು ಹಳೇ ಸುದ್ದಿ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿದೆ. ಒಂದೊಂದಕ್ಕೂ ಅದರದೇ ಲೆಕ್ಕ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ನೆ ಕೂತು ಕೊನೆಗೆ ಉದುರುತ್ತದೆ. ಯಾವ ದಿನ ನೋಡಿದರೂ ನೂರಕ್ಕೆ ಹತ್ತರಷ್ಟು ಕೂದಲು ಹೀಗೆ ಕೂತಿರುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಹೋದರೆ ಅದು ಮಾಮೂಲಿ. ಮೂರು ದಿನಕ್ಕೊಮ್ಮೆ ತಲೆ ಸ್ನಾನ ಮಾಡುವವರಿಗೆ ಮೂರು ದಿನದ್ದೂ ಒಟ್ಟಿಗೆ ಬಚ್ಚಲಲ್ಲಿ ಕಾಣುತ್ತದೆ. ಅದನ್ನು ನೋಡಿ ಹೆದರಬೇಕಾಗಿಲ್ಲ.

ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಈ ಲೆಕ್ಕ ತಪ್ಪುತ್ತದೆ. ಡೆಂಗಿ, ಟೈಫಾಯ್ಡ್, ಆಪರೇಷನ್, ಹೆರಿಗೆ, ಜಾಸ್ತಿ ರಕ್ತ ಹೋಗುವುದು, ತಿಂಗಳಲ್ಲಿ ಎಂಟು ಕಿಲೋ ಇಳಿಸುವ ಪಥ್ಯ, ಮನೆಯಲ್ಲೊಂದು ಸಾವು. ಇಂಥ ಹೊತ್ತಿನಲ್ಲಿ ದೇಹ ಕೂದಲಿಗೆ ಖರ್ಚು ಮಾಡುವುದನ್ನು ನಿಲ್ಲಿಸುತ್ತದೆ. ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಉದುರುವುದು ಮಾತ್ರ ಎರಡು ಮೂರು ತಿಂಗಳು ಕಳೆದ ಮೇಲೆ. ಕೋವಿಡ್ ಬಂದು ಹೋದವರಲ್ಲಿ ಎಷ್ಟೋ ಜನರಿಗೆ ಆಗಿದ್ದು ಇದೇ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ಗಿಡದಲ್ಲಿ ಹಣ್ಣಿಲ್ಲದಿದ್ದರೆ ಅವರು ಡಿಸೆಂಬರನ್ನು ಬೈಯುವುದಿಲ್ಲ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಿದ್ದನ್ನು ನೆನೆಯುತ್ತಾರೆ.

ಬಾಣಂತಿಯರ ವಿಷಯದಲ್ಲೂ ಇದೇ ಕತೆ. ಮಗು ಅಮ್ಮನ ಗುರುತು ಹಿಡಿದು ನಗತೊಡಗಿದಾಗ ಅಮ್ಮನ ಕೂದಲು ಉದುರುತ್ತದೆ ಅಂತ ಅಜ್ಜಿಯರು ಹೇಳುವುದುಂಟು. ಮಗುವಿನ ನಗುವಿಗೂ ಕೂದಲಿಗೂ ಏನೂ ಸಂಬಂಧವಿಲ್ಲ. ಆದರೆ ತಿಂಗಳ ಲೆಕ್ಕ ಸರಿಯಾಗಿದೆ, ಅಲ್ವಾ? ಗರ್ಭಿಣಿಯಾಗಿದ್ದಾಗ ಹಾರ್ಮೋನಿನಿಂದಾಗಿ ಉದುರದೆ ನಿಂತಿದ್ದ ಕೂದಲೆಲ್ಲ ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಒಟ್ಟಿಗೆ ಹೋಗುತ್ತದೆ. ಜ್ವರದ್ದಾಗಲಿ ಹೆರಿಗೆಯದ್ದಾಗಲಿ, ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಹಚ್ಚಿದ ಎಣ್ಣೆಗೆ ಹೆಸರು ಬಂದುಬಿಡುತ್ತದೆ!

ಉದುರಿದ ಒಂದು ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಕಂಡರೆ ‘ಬೇರು ಸಮೇತ ಬಂತು’ ಅಂತ ಜನ ಹೆದರುತ್ತಾರೆ. ಅದು ಬೇರಲ್ಲ. ಕೂದಲು ಹುಟ್ಟುವ ಚೀಲ ಚರ್ಮದೊಳಗೇ ಉಳಿದಿರುತ್ತದೆ, ಹೊಸ ಕೂದಲು ಅಲ್ಲಿಂದಲೇ ಬರುತ್ತದೆ. ಬಿಳಿ ಗುಂಡು ಇದ್ದರೆ ಆ ಕೂದಲು ವಿಶ್ರಾಂತಿ ಮುಗಿಸಿ ತಾನಾಗಿ ಬಿದ್ದಿದೆ ಅಂತ ಅರ್ಥ. ಎರಡೂ ತುದಿಯಲ್ಲಿ ಗುಂಡಿಲ್ಲ, ಉದ್ದವೂ ಮೋಟು ಅಂದರೆ ಅದು ಉದುರಿದ್ದಲ್ಲ, ತುಂಡಾಗಿದ್ದು. ಬ್ಲೀಚು, ಸ್ಟ್ರೇಟನಿಂಗ್, ಒದ್ದೆ ತಲೆಗೆ ಬಾಚಣಿಗೆ ಹಾಕಿ ಎಳೆಯುವುದು, ಇಂಥದ್ದರಿಂದ ಆಗುವಂಥದ್ದು.

ತುದಿ ಸೀಳಿದ್ದನ್ನು ನೋಡಿ ಆರೋಗ್ಯ ಅಳೆಯಲು ಹೋಗಬೇಡಿ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ. ಅರವತ್ತು ಸೆಂಟಿಮೀಟರ್ ಜಡೆಯ ತುದಿಗೆ ಐದು ವರ್ಷ ವಯಸ್ಸು. ಅಷ್ಟು ವರ್ಷದ ಬಿಸಿಲು, ಬಾಚಣಿಗೆಯ ಏಟನ್ನೆಲ್ಲ ತಿಂದ ತುದಿ ಅದು. ಚರ್ಮದಿಂದ ಹೊರಗಿರುವ ಕೂದಲಿಗೆ ಜೀವವೂ ಇಲ್ಲ. ತೆಂಗಿನೆಣ್ಣೆ ಕೂದಲಿನೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ. ಅಷ್ಟು ಒಳ್ಳೆಯದೇ. ಆದರೆ ಅದರಿಂದ ಹೊಸ ಕೂದಲು ಹುಟ್ಟುವುದಿಲ್ಲ.

ಜ್ವರ ಇಲ್ಲ, ಹೆರಿಗೆ ಇಲ್ಲ, ಆದರೂ ತಿಂಗಳುಗಟ್ಟಲೆ ತಲೆ ಪೂರ್ತಿ ತೆಳುವಾಗುತ್ತಿದೆ ಅಂದರೆ ನನ್ನ ಮೊದಲ ಅನುಮಾನ ಕಬ್ಬಿಣದ ಮೇಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮುಟ್ಟಿನಲ್ಲಿ ಜಾಸ್ತಿ ಹೋಗುವುದು ಒಂದು ಕಾರಣ. ತೋಟದ ಕಡೆ ಇನ್ನೊಂದಿದೆ: ಕೊಕ್ಕೆಹುಳು. ಒದ್ದೆ ಮಣ್ಣಿನಲ್ಲಿರುವ ಇದರ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ಕೊನೆಗೆ ಕರುಳಿಗೆ ಅಂಟಿಕೊಂಡು ರಕ್ತ ಹೀರುತ್ತದೆ. ಬಯಲು ಶೌಚ ಇರುವ ಕಡೆ ಬರಿಗಾಲಲ್ಲಿ ದುಡಿಯುವವರಿಗೆ ಈ ಅಪಾಯ ಹೆಚ್ಚು. ಕೂದಲಿನ ಜೊತೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಿಚಿದ ಕಣ್ಣಿನ ಒಳರೆಪ್ಪೆ ಇದ್ದರೆ ತಡ ಮಾಡಬಾರದು.

ಇನ್ನೊಂದು ಕಾರಣ ಹೇಳಿದರೆ ಕೊಡಗಿನವರಿಗೆ ಬೇಜಾರಾಗಬಹುದು. ಅದು ಕಾಫಿ. ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹ್ಯಾಂಬರ್ಗರ್ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ 39ರಷ್ಟು ತಗ್ಗಿತು. ಟೀ ಕುಡಿದಾಗ ಶೇ 64. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದಾಗ ಏನೂ ತೊಂದರೆಯಾಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆಗೆ ಕುಡಿದಾಗ ಊಟದ ಜೊತೆ ಕುಡಿದಷ್ಟೇ ನಷ್ಟ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವ ಬೆಲ್ಲದ ಕಾಫಿಯ ಬಗ್ಗೆ ನನ್ನ ತಕರಾರಿಲ್ಲ. ರೊಟ್ಟಿ, ಪಾಪುಟ್ಟಿನ ಪಕ್ಕದಲ್ಲಿ ಬಂದು ಕೂರುವ ಲೋಟದ ಬಗ್ಗೆ ಇದೆ, ಅದೂ ರಕ್ತ ಕಡಿಮೆ ಇರುವವರಿಗೆ. ಅದರ ಬದಲು ಒಂದು ಕಿತ್ತಳೆ ತಿನ್ನಲಿ. ವಿಟಮಿನ್ ಸಿ ಇದ್ದರೆ ಸೊಪ್ಪು, ಕಾಳುಗಳ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಪಂದಿ ಕರಿ ತಿನ್ನುವವರಿಗೆ ಒಂದು ಅನುಕೂಲವಿದೆ, ಮಾಂಸದಲ್ಲಿರುವ ಕಬ್ಬಿಣದ ಒಂದು ಪಾಲು ಸುಲಭವಾಗಿ ಹೀರಿಕೆಯಾಗುವ ಬಗೆಯದು. ಅಂದಹಾಗೆ, ರಕ್ತಹೀನತೆ ಇಲ್ಲದೆ ಬರೀ ಕಬ್ಬಿಣದ ದಾಸ್ತಾನು ಸ್ವಲ್ಪ ಕಡಿಮೆ ಇದ್ದಾಗಲೂ ಕೂದಲು ಉದುರುತ್ತದಾ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ.

ಕಬ್ಬಿಣ ಸರಿ ಇದ್ದರೆ ಮುಂದಿನ ಅನುಮಾನ ಥೈರಾಯ್ಡ್. ಅದು ಕಮ್ಮಿ ಕೆಲಸ ಮಾಡಿದಾಗ ಕೂದಲು ಒರಟಾಗುತ್ತದೆ, ಒಣಗುತ್ತದೆ, ತೆಳುವಾಗುತ್ತದೆ. ಕೆಲವರಲ್ಲಿ ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ಅಳಿಸಿದ ಹಾಗಾಗುತ್ತದೆ. ತೂಕ ಏರುತ್ತದೆ, ಮಲಬದ್ಧತೆ, ಚಳಿ. ಮಡಿಕೇರಿಯಲ್ಲಿ ಚಳಿ ಯಾರಿಗಾಗುವುದಿಲ್ಲ ಹೇಳಿ! ಮನೆಯವರೆಲ್ಲ ಸ್ವೆಟರ್ ತೆಗೆದಿಟ್ಟ ಮೇಲೂ ಒಬ್ಬರು ಮಾತ್ರ ಹೊದ್ದು ಕೂತಿದ್ದರೆ ಆಗ ಯೋಚಿಸಬೇಕು. ಥೈರಾಯ್ಡ್ ಜಾಸ್ತಿಯಾದರೂ ಕೂದಲು ಹೋಗುತ್ತದೆ.

ಎಷ್ಟು ಉದುರಿತು ಅನ್ನುವುದಕ್ಕಿಂತ ಎಲ್ಲಿಂದ ಹೋಯಿತು ಅನ್ನುವುದು ಮುಖ್ಯ. ಹೆಣ್ಣುಮಕ್ಕಳಲ್ಲಿ ಬೈತಲೆ ಅಗಲವಾಗಿ ನೆತ್ತಿ ತೆಳುವಾಗುವುದು ಹೆಚ್ಚಾಗಿ ವಂಶದಿಂದ ಬಂದದ್ದು. ಅದರ ಜೊತೆ ಗಲ್ಲದ ಮೇಲೆ ದಪ್ಪ ಕೂದಲು, ಮೊಡವೆ, ಏರುಪೇರಾದ ಮುಟ್ಟು ಇದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು. ನಾಣ್ಯದಗಲ ನುಣ್ಣಗೆ ಬೋಳಾದರೆ ‘ಹುಳ ತಿಂದಿದೆ’ ಅನ್ನುತ್ತಾರೆ. ಯಾವ ಹುಳವೂ ತಿಂದಿರುವುದಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಅದು ಅಂಟುವುದಿಲ್ಲ. ಮಕ್ಕಳ ತಲೆಯಲ್ಲಿ ಹೊಪ್ಪಳೆ, ತುರಿಕೆ, ಮುರಿದ ಮೋಟುಕೂದಲು ಕಂಡರೆ ಅದು ಶಿಲೀಂಧ್ರ. ಅದು ಅಂಟುತ್ತದೆ, ಬಾಚಣಿಗೆ ಹಂಚಿಕೊಳ್ಳಬಾರದು, ಮುಲಾಮು ಸಾಲದು, ಮಾತ್ರೆ ಬೇಕು. ಕೂದಲು ಹೋದ ಜಾಗ ಉರಿಯುತ್ತಾ ಕಲೆಗಟ್ಟಿ ಹೊಳೆಯುತ್ತಿದ್ದರೆ ತಕ್ಷಣ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬುಡ ಕಲೆಗಟ್ಟಿದರೆ ಕೂದಲು ಮತ್ತೆ ಬರುವುದಿಲ್ಲ.

ಮಳೆಗಾಲದ ತಲೆಹೊಟ್ಟಿಗೆ ಇಷ್ಟೆಲ್ಲ ಚಿಂತೆ ಬೇಡ. ಮಲಸ್ಸೀಜಿಯಾ ಎಂಬ ಯೀಸ್ಟ್ ಎಲ್ಲರ ತಲೆಯಲ್ಲೂ ಇರುತ್ತದೆ, ತಲೆಯ ಜಿಡ್ಡೇ ಅದರ ಆಹಾರ. ಹೊಟ್ಟಿರುವ ತಲೆಗೆ ಮತ್ತಷ್ಟು ಎಣ್ಣೆ ಮೆತ್ತುವುದು ಅದಕ್ಕೆ ಬಡಿಸಿದ ಹಾಗೆ. ಕೀಟೋಕೊನಜೋಲ್ ಇರುವ ಶಾಂಪೂ ಸಾಕು.

ಬಾಲನೆರೆಗೂ ಹೆಚ್ಚಿನ ಸಲ ಅಪ್ಪ ಅಮ್ಮನ ಬಳುವಳಿಯೇ ಕಾರಣ. ಆದರೆ 25 ದಾಟುವ ಮೊದಲೇ ನೆರೆದರೆ, ಅದರಲ್ಲೂ ಸಸ್ಯಾಹಾರಿಗಳಾದರೆ, ಬಿ12 ನೋಡಿಸುವುದು ಒಳ್ಳೆಯದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಬಿ12 ಇಳಿಯಬಹುದು. ಸಿಗರೇಟಿಗೂ ನೆರೆಗೂ ನಂಟಿದೆ.

ಇಷ್ಟಾಗಿಯೂ ಕೂದಲು ನೋಡಿ ರೋಗ ಹೇಳಲು ಆಗುವುದಿಲ್ಲ, ಎತ್ತ ಹುಡುಕಬೇಕು ಅಂತ ತಿಳಿಯುತ್ತದೆ ಅಷ್ಟೇ. ಆರ್ಸೆನಿಕ್ ವಿಷ, ಮಾದಕ ವಸ್ತು ಪತ್ತೆಗೆ ಕೂದಲು ಪರೀಕ್ಷೆ ಮಾಡುತ್ತಾರೆ, ಬುಡದ ಮೂರು ಸೆಂಟಿಮೀಟರಿನಲ್ಲಿ ಸುಮಾರು ಮೂರು ತಿಂಗಳ ದಾಖಲೆ ಇರುತ್ತದೆ. ಆದರೆ ಅದೇ ರೀತಿ ಕೂದಲು ಕಳಿಸಿದರೆ ವಿಟಮಿನ್ ಕೊರತೆ ಹೇಳುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್ ಸ್ಥಿತಿ ಹೇಳುವ ಟಿಎಸ್‌ಎಚ್, ಇಷ್ಟು ರಕ್ತಪರೀಕ್ಷೆಯಿಂದ ಬಹಳಷ್ಟು ಗೊತ್ತಾಗುತ್ತದೆ. ಡಾಕ್ಟರು ‘ಮೂರು ತಿಂಗಳ ಹಿಂದೆ ಏನಾಗಿತ್ತು?’ ಅಂತ ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ.

ಕೂದಲಿಗೆ ಅಂತ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಮರೆಯದೆ ಹೇಳಬೇಕು. ಅದರ ನಿಜವಾದ ಕೊರತೆ ಬಹಳ ಅಪರೂಪ. ಆದರೆ ಜಾಸ್ತಿ ಡೋಸಿನಲ್ಲಿ ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿಸಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆಯೂ ಇದರಿಂದ ತಪ್ಪಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವ ಎಷ್ಟು ದಿನ ಮೊದಲು ಮಾತ್ರೆ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಸಾಮಾನ್ಯವಾಗಿ ಎರಡು ದಿನವಾದರೂ ನಿಲ್ಲಿಸಲು ಹೇಳುತ್ತಾರೆ.